ಗೋಡೌನಿನಲ್ಲಿ ಮಧ್ಯಾಹ್ನದ ನಿದ್ದೆ

ಬಿಬವೇವಾಡಿಯ ನಮ್ಮ ಫ್ಲ್ಯಾಟಿನ ಹಳೆಯ ಟೈಲ್ಸ್ ಕಿತ್ತು ಪಾಲಿಶ್ ಕಾಂಕ್ರೀಟಿನ ನೆಲ ಮಾಡಿಸುವಾಗ, ಕೆಲಸದವರಿಗಿಂತ ಹೆಚ್ಚಾಗಿ ನಮಗೆ ಎದುರಾಗುತ್ತಿದ್ದವರು ಕೆಳಗಿನ ಮನೆಯ ಧಾರವಾಡದ ಕಾಕಾ. ನೆಲ ಉಜ್ಜುವ ಮಷೀನು ಶುರುವಾದರೆ ಅವರ ಮಧ್ಯಾಹ್ನದ ನಿದ್ದೆ ಹಾರಿಹೋಗುತ್ತಿತ್ತು. ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಳಗೆಲ್ಲ ಸಿಮೆಂಟಿನ ರಾಡಿಯಿದ್ದರೂ ಚಪ್ಪಲಿಯನ್ನು ಹೊರಗೇ ಬಿಟ್ಟು, ಕೈ ಬೆನ್ನಿಗೆ ಕಟ್ಟಿಕೊಂಡು, ಬೂದು ನೆಲವನ್ನು ನೋಡುತ್ತ ನಿಲ್ಲುತ್ತಿದ್ದರು.

“ಮನಿ ಮಾಡ್ಲಿಕ್ಕತ್ತೀರೋ, ಗೋಡೌನ್ ಮಾಡ್ಲಿಕ್ಕತ್ತೀರೋ?”

ಬಂದಾಗಲೆಲ್ಲ ಇದೇ ಮಾತು. ಸಿಟ್ಟು ನಿಜವೇ, ಆದರೆ ಚಹಾ ಕುಡಿಯದೆ ಇಳಿಯುತ್ತಿರಲಿಲ್ಲ.

ನೆಲ ಮುಗಿದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಸ್ವಲ್ಪ ಹೊತ್ತಿಗೆ ಕಾಕಾ ಕಂಕುಳಲ್ಲಿ ದಿಂಬು ಹಿಡಿದುಕೊಂಡು ಬಾಗಿಲಿಗೆ ಬಂದರು. ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ, ಹಾಲಿನ ನಡುವೆ ಬರಿಮೈಯಲ್ಲಿ ಮಲಗಿ, ಅಂಗೈಯಿಂದ ತಣ್ಣನೆಯ ನೆಲವನ್ನು ಸವರಿದರು.

“ನಮ್ಮವ್ವ ಅಡಗಿ ಮುಗಿಸಿ ಹಿಂಗ ಬರೇ ನೆಲದ ಮ್ಯಾಲ ಅಡ್ಡಾಗ್ತಿದ್ಲು,” ಎಂದರು. ನಾನು ಏನಾದರೂ ಹೇಳುವಷ್ಟರಲ್ಲಿ ಗೊರಕೆ ಕೇಳಿಸಿತು.

ಆ ಬೇಸಿಗೆಯೆಲ್ಲ ದಿಂಬು ನಮ್ಮಲ್ಲೇ ಉಳಿಯಿತು.

ಈಗ ಅವರು ಊರಿನ ಇನ್ನೊಂದು ತುದಿಯ ಹಿಂಜವಾಡಿಯಲ್ಲಿ, ದಿನವಿಡೀ ಎ.ಸಿ. ಓಡುವ ಮಗಳ ಫ್ಲ್ಯಾಟಿನಲ್ಲಿದ್ದಾರೆ. ಫೋನು ಮಾಡಿದರೆ ನಮ್ಮ ಕ್ಷೇಮ ಆಮೇಲೆ, ಮೊದಲು “ಗೋಡೌನ್ ಹ್ಯಾಂಗದ ರೀ?” ಎನ್ನುತ್ತಾರೆ.

ಹೊಸ ಸೋಫಾ ತಂದಿದ್ದೇವೆ. ಹಾಲಿನ ನಡುವೆ ಇಡಲು ಮನಸ್ಸಾಗದೆ ಗೋಡೆಗೆ ಒತ್ತಿ ಇಟ್ಟಿದ್ದೇವೆ.

“ಖಾಲಿನ ಇಟ್ಟೀವ್ರಿ ಕಾಕಾ,” ಎನ್ನುತ್ತೇನೆ.