ಸವೆದ ಕ್ಲಚ್ ಪೆಡಲ್ಲು, 6,840 ಕಿಲೋಮೀಟರು

ಕಾಡುಗೋಡಿಗೆ ಮೆಟ್ರೋ ಬಂದ ಮರುವರ್ಷದ ಮಾತು. ನಾನಾಗ ವೈಟ್‌ಫೀಲ್ಡಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡಿಸುವ ಒಂದು ಕಂಪನಿಯಲ್ಲಿ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದೆ. ಮಾರಾಟಕ್ಕಿರುವ ಕಾರನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ನೋಡಿ, ನೂರಾ ನಲವತ್ತು ಅಂಶಗಳ ಫಾರಂ ತುಂಬಿ, ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ಅದಕ್ಕೂ ಮುಂಚೆ ಇಪ್ಪತ್ತೆಂಟು ವರ್ಷ ವರ್ಕ್‌ಶಾಪುಗಳಲ್ಲಿ ಗ್ರೀಸು ಮೆತ್ತಿಕೊಂಡವನು. ಬಾಗಿಲು ಹಾಕಿದ ಸದ್ದು ಕೇಳಿಯೇ ಕಾರಿನ ಜಾತಕ ಹೇಳುತ್ತೇನೆ ಎಂದು ಸಹೋದ್ಯೋಗಿಗಳೆದುರು ಜಂಬ ಕೊಚ್ಚುತ್ತಿದ್ದೆ. ಈಚೆಗೆ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಎಲ್ಲರೂ ನನ್ನ ಕಣ್ಣಿನ ಚುರುಕನ್ನು ಹೊಗಳುತ್ತಿದ್ದಾಗ ನನಗೆ ನೆನಪಾಗುತ್ತಿದ್ದದ್ದು ಒಂದೇ ಕಾರು. ಆ ಹೊಗಳಿಕೆ ಕೇಳಿಸಿಕೊಂಡು ಕೂರಲು ನಾಚಿಕೆಯಾಯಿತು.

ಕಾರು ಇದ್ದದ್ದು ಕಾಡುಗೋಡಿಯ ಹಿಂದಿನ ಒಂದು ಹಳ್ಳಿಯಲ್ಲಿ. ಹಳ್ಳಿ ಎನ್ನುವುದು ಹೆಸರಿಗೆ. ಮೂರು ಕಡೆ ಅಪಾರ್ಟ್‌ಮೆಂಟು, ನಾಲ್ಕನೇ ಕಡೆ ಬಾಡಿಗೆ ರೂಮುಗಳು, ನಡುವೆ ಉಳಿದುಕೊಂಡ ಒಂದಿಷ್ಟು ಹಸುಗಳು, ಒಂದು ಹಾಲಿನ ಡೈರಿ. ಮಾಲೀಕರ ಹೆಸರು ಮುನಿಸ್ವಾಮಪ್ಪ, ವಯಸ್ಸು ಐವತ್ತೆಂಟರ ಆಸುಪಾಸು. ಜಮೀನು ಲೇಔಟಿಗೆ ಹೋದ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಆದರೂ ಡೈರಿಯ ಕಾರ್ಯದರ್ಶಿ ಕೆಲಸ ಬಿಟ್ಟಿರಲಿಲ್ಲ. ಬೆಳಿಗ್ಗೆ, ಸಂಜೆ ಜನ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಬೆರೆತಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದರಂತೆ. ಒಮ್ಮೆ ಸ್ವಂತ ಅಕ್ಕನ ಕ್ಯಾನನ್ನೇ ವಾಪಸ್ ಕಳಿಸಿ ಎರಡು ವರ್ಷ ಆಕೆಯ ಮನೆಯ ಊಟ ಕಳೆದುಕೊಂಡಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಪಂಚೆ ಉಟ್ಟ, ಜಮೀನು ಮಾರಿದ ಒಬ್ಬ ಮನುಷ್ಯ. ಅವರ ಶೆಡ್ಡಿನಲ್ಲಿ ಕಡುನೀಲಿ ಬಣ್ಣದ, ಎರಡೇ ಸೀಟಿನ, ವಿದೇಶಿ ಸ್ಪೋರ್ಟ್ಸ್ ಕಾರು. ನನ್ನ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು, ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲೇ ನಿವೃತ್ತರಾಗಿ ಬಂದವರು. ನಮ್ಮ ಕಾಲೊನಿಯಲ್ಲಿ ‘ಜಮೀನು ದುಡ್ಡು’ ಎಂದರೆ ಎಲ್ಲರ ಮುಖದಲ್ಲೂ ಒಂದು ವಕ್ರ ನಗು ಮೂಡುತ್ತಿತ್ತು. ಅದೇ ನಗು ಹೊತ್ತುಕೊಂಡು ನಾನು ಶೆಡ್ಡಿನೊಳಗೆ ಕಾಲಿಟ್ಟೆ.

ಆರು ವರ್ಷದ ಕಾರು. ಮೀಟರಿನಲ್ಲಿ 6,840 ಕಿಲೋಮೀಟರು. ಬಣ್ಣಕ್ಕೆ ಒಂದು ಗೀರಿಲ್ಲ, ಬ್ಯಾಟರಿಗೆ ಸದಾ ಚಾರ್ಜರ್, ಸೀಟಿನ ಮೇಲೆ ಒಗೆದ ಬಿಳಿ ಬಟ್ಟೆ. ತಿಂಗಳಿಗೊಮ್ಮೆ ಸರ್ವಿಸ್ ಸೆಂಟರಿನವರು ಬಂದು ಸ್ಟಾರ್ಟ್ ಮಾಡಿ ನೋಡಿ ಹೋಗುತ್ತಾರೆ ಎಂದು ಮುನಿಸ್ವಾಮಪ್ಪ ಹೇಳಿದರು. ಕೊಳ್ಳಲು ಬಂದಿದ್ದ ದಂತವೈದ್ಯರ ಕಣ್ಣು ಆಗಲೇ ಕಾರಿನ ಮೇಲೆ ನೆಟ್ಟಿತ್ತು. ಶೆಡ್ಡಿನ ಬಾಗಿಲಲ್ಲಿ ಐದಾರು ಜನ ಸೇರಿದ್ದರು. ಅವರಲ್ಲಿ ಮುನಿಸ್ವಾಮಪ್ಪನವರ ದಾಯಾದಿ ಕೆಂಪಣ್ಣನೂ ಇದ್ದ.

ನಾನು ಬಿಳಿ ಬಟ್ಟೆ ಸರಿಸಿದೆ. ಚಾಲಕನ ಸೀಟಿನ ಬಲ ಅಂಚಿನ ಚರ್ಮ ಸವೆದು ಬೆಳ್ಳಗಾಗಿತ್ತು. ಒಳಗೆ ಹತ್ತಿ ಇಳಿಯುವಾಗ ಉಜ್ಜುವ ಜಾಗ ಅದು. ಗೇರಿನ ಹಿಡಿ ನುಣ್ಣಗೆ ಹೊಳೆಯುತ್ತಿತ್ತು. ಬಗ್ಗಿ ಟಾರ್ಚ್ ಬಿಟ್ಟರೆ ಕ್ಲಚ್ ಪೆಡಲ್ಲಿನ ರಬ್ಬರಿನ ಗೆರೆಗಳೇ ಇರಲಿಲ್ಲ, ನಡುವೆ ತಗ್ಗು ಬಿದ್ದಿತ್ತು. ಇಂಥ ಸವೆತ ಅರವತ್ತು ಸಾವಿರ ಓಡಿದ ಕಾರಿನಲ್ಲಿ ಕಾಣುವಂಥದ್ದು. ನಮ್ಮ ಕಸುಬಿನಲ್ಲಿ ಇದಕ್ಕೆ ‘ಮೀಟರ್ ತಿರುಗಿಸುವುದು’ ಎನ್ನುತ್ತಾರೆ. ಲ್ಯಾಪ್‌ಟಾಪ್ ಜೋಡಿಸಿ ಕಿಲೋಮೀಟರಿನ ಅಂಕಿಯನ್ನು ಕಡಿಮೆ ಮಾಡಿ, ಮುದಿ ಕಾರನ್ನು ಎಳೆಯದೆಂದು ಮಾರುವ ಮೋಸ.

ಇಲ್ಲಿ ನಾನು ಮಾಡದೇ ಬಿಟ್ಟ ಕೆಲಸಗಳನ್ನು ಹೇಳಬೇಕು. ಟೈರಿನ ಮೇಲೆ ಅದು ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಫೋಟೋ ತೆಗೆದೆನೇ ಹೊರತು ಓದಲಿಲ್ಲ. ಸ್ಕ್ಯಾನರ್ ಜೋಡಿಸಿದಾಗ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಬೇರೊಂದು ಪುಟದಲ್ಲಿ ಬರುತ್ತದೆ. ಆ ಪುಟ ಸೇವ್ ಆಯಿತು, ನಾನು ತೆರೆಯಲಿಲ್ಲ. ಮುನಿಸ್ವಾಮಪ್ಪ ಸರ್ವಿಸ್ ಪುಸ್ತಕ ಮುಂದೆ ಹಿಡಿದರೆ, ಮೊಹರನ್ನು ಯಾರು ಬೇಕಾದರೂ ಹೊಡೆಸಿಕೊಳ್ಳಬಹುದು ಎಂದುಕೊಂಡು ಪಕ್ಕಕ್ಕಿಟ್ಟೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆದರೆ ನನಗೆ ಆಗಲೇ ಎಲ್ಲ ಗೊತ್ತಾಗಿಬಿಟ್ಟಿತ್ತಲ್ಲ!

ದಂತವೈದ್ಯರು “ಹೇಗಿದೆ ಸಾರ್?” ಎಂದರು. ಅವರನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಬಾಗಿಲಲ್ಲಿ ನಿಂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದು ನನಗೆ ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

“ಮೀಟರ್ ತಿರುಗಿಸಿದ್ದಾರೆ ಡಾಕ್ಟ್ರೇ. ಕಮ್ಮಿ ಅಂದ್ರೂ ಅರವತ್ತು ಸಾವಿರ ಓಡಿದೆ. ಈ ಪೆಡಲ್ ನೋಡಿ, ಸುಳ್ಳು ಹೇಳಲ್ಲ ಇದು,” ಎಂದೆ.

ಕೆಂಪಣ್ಣ ನಕ್ಕ. ಮುನಿಸ್ವಾಮಪ್ಪನವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಜಗಳಕ್ಕೆ ಬರುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಬಾಯಿ ತೆರೆದರು, ಬಾಗಿಲಲ್ಲಿದ್ದ ಜನರನ್ನು ನೋಡಿದರು, ಬಾಯಿ ಮುಚ್ಚಿಕೊಂಡರು. ಅವರ ಹೆಂಡತಿ ರತ್ನಮ್ಮ ಒಳಗಿನಿಂದ ಏನೋ ಹೇಳಲು ಬಂದರೆ ಕೈ ಅಡ್ಡ ಹಿಡಿದು ತಡೆದರು. “ಆಯ್ತು ಸಾರ್, ಓಗ್ಬನ್ನಿ,” ಎಂದಷ್ಟೇ ಹೇಳಿದರು. ತಪ್ಪಿತಸ್ಥ ಸಿಕ್ಕಿಬಿದ್ದ ಎಂದು ನಾನು ಅರ್ಥಮಾಡಿಕೊಂಡೆ. ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ದಂತವೈದ್ಯರು ಕಾರು ಬೇಡವೆಂದರು.

ನಾಲ್ಕು ತಿಂಗಳ ನಂತರ ಕಂಪನಿಗೆ ಹೊಸದಾಗಿ ಸೇರಿದ ಇನ್‌ಸ್ಪೆಕ್ಟರುಗಳಿಗೆ ನಾನು ತರಬೇತಿ ಕೊಡಬೇಕಾಯಿತು. ಮೀಟರ್ ತಿರುಗಿಸಿದ ಕಾರನ್ನು ಗುರುತಿಸುವ ಪಾಠಕ್ಕೆ ನಾನು ಆರಿಸಿಕೊಂಡ ಉದಾಹರಣೆ ಇದೇ ನೀಲಿ ಕಾರು. ಪೆಡಲ್ಲಿನ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿ ಮೀಸೆ ತಿರುವುತ್ತಿದ್ದಾಗ, ಎರಡನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

“ಸಾರ್, ಎಂಜಿನ್ ಅವರ್ಸ್ ಎಷ್ಟು ತೋರಿಸ್ತಿತ್ತು?”

ಕಡತದಲ್ಲಿದೆ ನೋಡೋಣ ಎಂದು ಎಲ್ಲರೆದುರೇ ಆ ಪುಟ ತೆರೆದೆ. 296 ಗಂಟೆ. ಅವಳು ನೋಟ್‌ಬುಕ್ಕಿನ ಮೂಲೆಯಲ್ಲಿ ಲೆಕ್ಕ ಹಾಕಿದಳು. 6,840 ಕಿಲೋಮೀಟರಿಗೆ 296 ಗಂಟೆ ಎಂದರೆ ಗಂಟೆಗೆ ಇಪ್ಪತ್ಮೂರು ಕಿಲೋಮೀಟರು, ನಮ್ಮ ಊರಿನ ಟ್ರಾಫಿಕ್ಕಿಗೆ ಸರಿಯಾದ ವೇಗ. ಅರವತ್ತು ಸಾವಿರ ಓಡಿದ್ದರೆ ಎರಡು ಸಾವಿರದ ಐನೂರು ಗಂಟೆ ದಾಟಬೇಕಿತ್ತು. ಟೈರಿನ ಫೋಟೋ ತೆರೆದೆ. ನಾಲ್ಕೂ ಕಾರಿನಷ್ಟೇ ಹಳೆಯವು, ಗೆರೆಗಳು ಮಾತ್ರ ಹೊಸದರಂತೆ ಆಳವಾಗಿದ್ದವು. “ಹಾಗಾದ್ರೆ ಮೀಟರ್ ಸರಿ ಇದೆ ಅಲ್ವಾ ಸಾರ್?” ಎಂದಳು. ಟೀ ವಿರಾಮ ಎಂದು ಹೇಳಿ ನಾನು ಹೊರಗೆ ಹೋದೆ.

ಅವತ್ತೇ ಹೋಗಬೇಕಿತ್ತು. ಆ ಕೆಲಸ, ಈ ಕೆಲಸ ಎಂದು ನೆಪ ಹೇಳಿಕೊಂಡು ಮೂರು ವಾರ ತಳ್ಳಿದೆ. ಕೊನೆಗೆ ಒಂದು ಮಧ್ಯಾಹ್ನ, ತಿದ್ದಿದ ವರದಿ ಹಿಡಿದುಕೊಂಡು ಹೋದೆ.

ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಮುನಿಸ್ವಾಮಪ್ಪ ಕೂತಿದ್ದರು. ತಪ್ಪಾಯಿತು ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಪೆಡಲ್ ಸವೆದಿರೋದು ನಿಜ ಕಣಪ್ಪ. ಅದ್ರಾಗೆ ನೀನು ಸುಳ್ಳೇನೂ ಏಳಿಲ್ಲ,” ಎಂದರು.

ಆಮೇಲೆ ರತ್ನಮ್ಮ ಕಾಫಿ ತಂದುಕೊಟ್ಟು, ಗಂಡನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ಹೇಳಿದರು. ಹಿಂದೆ ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಟೆಕ್ ಪಾರ್ಕಿನ ರಸ್ತೆಯಲ್ಲಿ ಹೋಗುವಾಗ ಇಂಥದೊಂದು ಕಾರು ಮುನಿಸ್ವಾಮಪ್ಪನವರ ಪಕ್ಕದಲ್ಲಿ ಹಾದುಹೋಗುತ್ತಿತ್ತಂತೆ. ಅಂದಿನಿಂದ ಆಸೆ. ಕೊಂಡು ಒಂದು ವರ್ಷ ಕೋಲಾರದವರೆಗೆ, ನಂದಿಬೆಟ್ಟದವರೆಗೆ ಓಡಿಸಿದರು. ಆಮೇಲೆ ಒಂದು ಬೆಳಿಗ್ಗೆ ಅಂಗಳದಲ್ಲೇ ಫಿಟ್ಸ್ ಬಂದು ಬಿದ್ದರು. ಇನ್ನು ಸ್ಟಿಯರಿಂಗ್ ಹಿಡಿಯಕೂಡದು ಎಂದರು ಡಾಕ್ಟರು.

“ಕೀಲಿ ನಾನೇ ಇಟ್ಕೊಂಡೆ ಸಾರ್,” ಎಂದರು ರತ್ನಮ್ಮ. “ಆದ್ರೆ ದಿನಾ ಸಂಜೆ ಡೈರಿ ಮುಗಿಸ್ಕೊಂಡು ಬಂದ ಮ್ಯಾಕೆ ಬಾಗ್ಲು ತೆಗೆದುಕೊಡ್ತೀನಿ. ಕೀಲಿ ಮಾತ್ರ ನನ್ ಹತ್ರಾನೇ ಇಟ್ಕೊಂಡು ಬಂದ್ಬಿಡ್ತೀನಿ. ಒಳಗೆ ಒಂದು ಗಂಟೆ ಕುಂತ್ಕೊಂಡು ಕ್ಲಚ್ ತುಳೀತಾ, ಗೇರ್ ಬದಲಾಯಿಸ್ತಾ ಇರ್ತಾರೆ. ಐದು ವರ್ಸದಿಂದ ಇದೇಯ.”

ಐದು ವರ್ಷ ದಿನಕ್ಕೊಮ್ಮೆ ಹತ್ತಿ ಇಳಿದರೆ ಸೀಟಿನ ಅಂಚು ಹಾಗೇ ಆಗಬೇಕು. ಗಂಟೆಗಟ್ಟಲೆ ತುಳಿದರೆ ಪೆಡಲ್ಲು ಹಾಗೇ ಆಗಬೇಕು. ಕಾರು ಒಂದಿಂಚೂ ಕದಲದೆ ಸವೆದಿತ್ತು.

“ಅವತ್ತೇ ಯಾಕೆ ಹೇಳ್ಲಿಲ್ಲ ಅಣ್ಣ?” ಎಂದೆ.

“ಎಂಗೆ ಏಳ್ಲಿ? ಬಾಗ್ಲಲ್ಲಿ ಊರೇ ನಿಂತಿತ್ತು. ಮಗಳು ಪವಿತ್ರಂಗೆ ಗಂಡು ನೋಡ್ತಾ ಇದ್ವಿ. ಅಪ್ಪಂಗೆ ಫಿಟ್ಸ್ ಅಂದ್ರೆ ಯಾರು ಬತ್ತಾರೆ? ಕಾರು ಇಟ್ಕೊಂಡು ಯಾಕೆ ಓಡಿಸಲ್ಲ ಅಂತ ಬೀಗರು ಕೇಳ್ತಾರಲ್ಲ, ಅದ್ಕೇ ಮಾರಕ್ಕೆ ಒರಟಿದ್ದು.”

ನನ್ನ ಒಂದು ಮಾತು ಅಷ್ಟರಲ್ಲಿ ಎಲ್ಲಿಗೆ ಹೋಗಿತ್ತು ಎನ್ನುವುದೂ ಗೊತ್ತಾಯಿತು. ಕಾರಿನ ಮೀಟರ್ ತಿರುಗಿಸಿದವನು ಹಾಲಿನ ಅಳತೆ ಸರಿ ಇಡುತ್ತಾನೆಯೇ ಎಂದು ಕೆಂಪಣ್ಣ ಊರೆಲ್ಲ ಹೇಳಿಕೊಂಡು ಬಂದಿದ್ದ. ಬರುವ ಭಾನುವಾರ ಹಾಲಿನ ಸಂಘದ ಸಭೆ. ಮೂವತ್ತು ವರ್ಷದ ಕಾರ್ಯದರ್ಶಿಯನ್ನು ಇಳಿಸುವ ಮಾತು ನಡೆದಿತ್ತು. ನಾನು ವರದಿ ಮುಂದೆ ಚಾಚಿದೆ.

“ಕಾಗ್ದ ನಂಗ್ಯಾಕೆ? ಜನದ ಮುಂದೆ ಏಳಿದ್ಯಲ್ಲ, ಜನದ ಮುಂದೇನೇ ವಾಪಸ್ ತಗೋ. ಸಂಜೆ ಡೈರಿ ಹತ್ರ ಬಾ,” ಎಂದರು. ಮತ್ತೆ “ಕಾಯಿಲೆ ವಿಸ್ಯ ಮಾತ್ರ ಬಾಯಿ ಬಿಡಬ್ಯಾಡ. ಒಂದು ಸಂಬಂಧ ಕೂಡಿ ಬತ್ತಾ ಐತೆ,” ಎಂದರು. ಮಾತು ಕೊಟ್ಟೆ.

ಸಂಜೆ ಐದೂವರೆಗೆ ಡೈರಿಯ ಮುಂದೆ ಇಪ್ಪತ್ತೈದು ಮೂವತ್ತು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಕಟ್ಟೆಯ ಮೇಲೆ ನಿಂತು ಹೇಳಿದೆ. ಅವತ್ತು ನಾನು ಹೇಳಿದ್ದು ತಪ್ಪು, ಕಾರು ಓಡಿರುವುದು ಆರು ಸಾವಿರ ಚಿಲ್ಲರೆಯೇ, ಮೀಟರ್ ಯಾರೂ ಮುಟ್ಟಿಲ್ಲ, ನಾನೇ ಸರಿಯಾಗಿ ನೋಡಲಿಲ್ಲ ಎಂದೆ. ಗಂಟೆ ಲೆಕ್ಕ, ಟೈರಿನ ಲೆಕ್ಕ ಎಲ್ಲ ವಿವರಿಸಿದೆ.

ಕೆಂಪಣ್ಣ ಮುಂದೆ ಬಂದ. “ಅದೆಲ್ಲ ನಮ್ಗೆ ಅರ್ಥ ಆಗಕಿಲ್ಲ ಸಾರ್. ಪೆಡಲ್ ಸುಳ್ಳು ಏಳಲ್ಲ ಅಂತ ನೀವೇ ಅಂದ್ರಿ. ಓಡ್ದೇ ಇರೋ ಗಾಡಿಗೆ ಪೆಡಲ್ ಎಂಗೆ ಸವೀತು?”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳುವಂತಿರಲಿಲ್ಲ. “ಅದು… ರಬ್ಬರ್ ಕ್ವಾಲಿಟಿ…” ಎಂದು ತೊದಲಿದೆ. ಇಪ್ಪತ್ತೆಂಟು ವರ್ಷದ ಅನುಭವಸ್ಥ! ಯಾರೋ ಕಿಸಕ್ಕೆಂದರು.

“ಮುನಿಸ್ವಾಮಣ್ಣ ಎಷ್ಟು ಮುಟ್ಟಿಸ್ದ ಸಾರ್ ನಿಮ್ಗೆ?” ಎಂದ ಕೆಂಪಣ್ಣ. ಸಾಲಿಡೀ ನಗೆ ಹರಿಯಿತು. ಅವರ ಹೆಸರು ತೊಳೆಯಲು ಬಂದ ನಾನು ಅದಕ್ಕೆ ಇನ್ನಷ್ಟು ಕೆಸರು ಬಳಿದಿದ್ದೆ.

ಮುನಿಸ್ವಾಮಪ್ಪ ಅಲ್ಲಿಯವರೆಗೆ ತಲೆ ಎತ್ತದೆ ಹಾಲು ನೋಡುತ್ತಿದ್ದರು. ಈಗ ಲ್ಯಾಕ್ಟೋಮೀಟರನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟು ಎದ್ದು ನಿಂತರು.

“ಆ ಮನುಸ್ಯ ಒಂದು ಪೈಸೆ ಮುಟ್ಟಿಲ್ಲ. ಅಂಗೆಲ್ಲ ಮಾತಾಡಬ್ಯಾಡಿ. ನಂಗೆ ಫಿಟ್ಸ್ ಬತ್ತದೆ, ಐದು ವರ್ಸ ಆಯ್ತು. ಗಾಡಿ ಓಡಿಸಂಗಿಲ್ಲ. ಅದ್ಕೇ ನಿಂತಿರೋ ಕಾರಲ್ಲಿ ಕುಂತ್ಕೊಂಡು ಮಕ್ಳಂಗೆ ಗೇರ್ ಹಾಕ್ಕೊಂಡು ಆಡ್ತೀನಿ. ಪೆಡಲ್ ಸವೆದಿರೋದು ಅದ್ಕೆ. ಸಾಕಾ ಕೆಂಪಣ್ಣ?”

ಅವರು ಕೂತು, ಲ್ಯಾಕ್ಟೋಮೀಟರ್ ಕೈಗೆ ತೆಗೆದುಕೊಂಡು, “ಮುಂದಿನೋರು ಬನ್ನಿ,” ಎಂದರು. ನನ್ನ ಕಡೆ ನೋಡಲಿಲ್ಲ. ನಾನು ಅವರ ಹೆಸರಿಗೆ ಮಸಿ ಬಳಿದವನು. ನನ್ನ ಹೆಸರಿಗೆ ಸುಳ್ಳು ಮಸಿ ತಾಗುತ್ತಿದೆ ಎಂದಾಗ ಅವರು ತಮ್ಮ ಮಗಳಿಗಾಗಿ ಐದು ವರ್ಷ ಕಾಪಾಡಿಕೊಂಡಿದ್ದ ಗುಟ್ಟನ್ನು ತೆಗೆದು ಎಲ್ಲರ ಮುಂದೆ ಇಟ್ಟುಬಿಟ್ಟಿದ್ದರು. ಆ ಕಟ್ಟೆಯಿಂದ ಇಳಿದು ಹೇಗೆ ನಡೆದು ಬಂದೆನೋ ನೆನಪಿಲ್ಲ.

ಭಾನುವಾರದ ಸಭೆಯಲ್ಲಿ ಅವರನ್ನು ಇಳಿಸುವ ಮಾತು ಏಳಲೇ ಇಲ್ಲವಂತೆ. ಇದನ್ನು ಹೇಳಿದ್ದು ಪವಿತ್ರ, ಸುಮಾರು ಒಂದು ತಿಂಗಳ ನಂತರ ಫೋನಿನಲ್ಲಿ. ಕಾರು ಬೇಗ ಮಾರಿಸಿಕೊಡಲು ಆಗುತ್ತದೆಯೇ ಎಂದು ಕೇಳಲು ಮಾಡಿದ್ದಳು. ಸಂಬಂಧದ ವಿಷಯ ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು.

“ಅವ್ರು ಬೇಡ ಅಂದ್ರು ಸಾರ್. ಅದಕ್ಕೆ ನಂಗೇನೂ ಬೇಜಾರಿಲ್ಲ, ಅಂಥವ್ರು ಹೋದ್ರೆ ಹೋಗ್ಲಿ. ಆದ್ರೆ ಅಪ್ಪ ಈಗ ಕಾರಲ್ಲಿ ಕೂರಲ್ಲ. ಸಂಜೆ ಆದ್ರೆ ಯಾರಾದ್ರೂ ಶೆಡ್ಡಿನ ಹತ್ರ ಬಂದು ಇಣುಕ್ತಾರೆ. ಅಮ್ಮ ದಿನಾ ಕೀಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ಅಪ್ಪ ಆ ಕಡೆ ತಿರುಗಿ ಕೂಡ ನೋಡಲ್ಲ.”

ಎರಡನೇ ಸಲ ಕಾರು ನೋಡಲು ನಾನೇ ಹೋದೆ. ಟೈರಿನ ಅಂಕಿ ಓದಿದೆ, ಗಂಟೆಗಳನ್ನು ಬರೆದುಕೊಂಡೆ, ಸರ್ವಿಸ್ ಸೆಂಟರಿಗೆ ಫೋನು ಮಾಡಿ ಪುಸ್ತಕದ ಪ್ರತಿ ಮೊಹರನ್ನೂ ತಾಳೆ ನೋಡಿದೆ. ಚಾಲಕನ ಸೀಟಿನಲ್ಲಿ ಕೂತಾಗ ನನ್ನ ಎಡಗಾಲು ಕ್ಲಚ್ಚಿನ ಆ ತಗ್ಗಿನಲ್ಲಿ ಹೋಗಿ ಕೂತಿತು. ತಟ್ಟನೆ ತೆಗೆದುಕೊಂಡೆ. ಪೆಡಲ್ಲಿನ ಸಾಲಿನಲ್ಲಿ ‘ಸವೆತವಿದೆ, ಕಾರಣ ಪರಿಶೀಲಿಸಲಾಗಿದೆ’ ಎಂದು ಬರೆದೆ. ವಾರದೊಳಗೆ ಕಾರು ಮಾರಾಟವಾಯಿತು. ಟ್ರಕ್ಕಿನ ಮೇಲೆ ಅದನ್ನು ಹತ್ತಿಸುವಾಗ ಮುನಿಸ್ವಾಮಪ್ಪ ಡೈರಿಯಲ್ಲಿದ್ದರು. ಹಾಲಿನ ಹೊತ್ತು ಇನ್ನೂ ಆಗಿರಲಿಲ್ಲ.

ಸವೆತ ನೋಡಿ ಇಷ್ಟು ಸವೆದಿದೆ ಎಂದು ಹೇಳಬಹುದು, ಯಾಕೆ ಎನ್ನುವುದಕ್ಕೆ ಬಾಯಿಬಿಟ್ಟು ಕೇಳಬೇಕು. ಅಷ್ಟು ವರ್ಷದ ಕಸುಬು ನನಗೆ ಕಲಿಸಿದ ಪಾಠ ಇದು, ಕಲಿತದ್ದು ತಡವಾಗಿ. ಆಮೇಲೆ ಯಾವ ಕಾರು ನೋಡಲು ಹೋದರೂ, ಏನಾದರೂ ಹೊಂದಿಕೆಯಾಗದಿದ್ದರೆ ಮಾಲೀಕರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತಿದ್ದೆ. ಮುನಿಸ್ವಾಮಪ್ಪನವರನ್ನು ಹಾಗೆ ಕೇಳಿದ್ದರೆ ಹೇಳುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ನಾನು ಕೇಳಲಿಲ್ಲ.