ಮಾಳಿಗೆಯ ಮೇಲಿನ ಹಸಿರು ಪರದೆ

ಸಂಜೆ ನಾಲ್ಕು ನಲವತ್ತಕ್ಕೆ ಗಾಳಿ ತಿರುಗಿತು. ಹೊತ್ತು ನೆನಪಿರುವುದು ನನ್ನ ಜಾಣತನದಿಂದಲ್ಲ; ನಾನು ಮೊಬೈಲಿನಲ್ಲಿ ತೆಗೆಯುತ್ತಿದ್ದ ವಿಡಿಯೊದ ಮೇಲೆ ಬರೆದೇ ಇದೆ. ಇಳಕಲ್ಲಿನ ನಮ್ಮ ಮನೆಯ ಮಾಳಿಗೆಯ ಮೇಲೆ ಅವ್ವ ತನ್ನ ಹಸಿರು ಸೀರೆಯ ಒಂದು ತುದಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿಯನ್ನು ನೀರಿನ ಟ್ಯಾಂಕಿನ ಸರಳಿಗೆ ಕಟ್ಟಿದ್ದೆವು. ಸೀರೆಯ ಮುಂದೆ ಅಪ್ಪ ಧೋತರ ಎತ್ತಿ ಹಿಡಿದು ಮೆಲ್ಲಗೆ ನಡೆಯುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಹಸಿರನ್ನು ಅಳಿಸಿ, ಆ ಜಾಗದಲ್ಲಿ ಬಾದಾಮಿಯ ಹೊಂಡ ಕೂಡಿಸಿದರೆ ಅಪ್ಪ ನೀರಿನ ಮೇಲೆ ನಡೆದಂತೆ ಕಾಣಬೇಕಿತ್ತು.

ಇಂಥ ಆಟ ನಮ್ಮ ಮನೆಯಲ್ಲಿ ಬಹಳ ದಿನದ್ದು. ಬಾಗಲಕೋಟೆಯಲ್ಲಿ ಡಿಗ್ರಿ ಓದುವಾಗ ಗೆಳೆಯನಿಂದ ಒಂದು ಪುಕ್ಕಟೆ ಎಡಿಟಿಂಗ್ ಸಾಫ್ಟ್‌ವೇರ್ ಕಲಿತು ಬಂದಿದ್ದೆ. ಮೊದಲು ಮಾಡಿದ್ದು ಅವ್ವನದೇ ವಿಡಿಯೊ. ಹಿಂದಿನ ಪರದೆಯಂತೆ ಅವತ್ತು ಆಕೆ ಉಟ್ಟದ್ದೂ ಹಸಿರೇ ಎಂಬುದನ್ನು ನಾನು ಲಕ್ಷಿಸಿರಲಿಲ್ಲ. ಹಸಿರು ಅಳಿಸಿದೊಡನೆ ಮೈ ಮಾಯವಾಗಿ, ಐಹೊಳೆಯ ಗುಡಿಯ ಮುಂದೆ ಬರೀ ತಲೆ, ಎರಡು ಕೈ, ಕೆಂಪು ಸೆರಗು ತೇಲಿದವು.

ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಬಾಯಿ ಉಳದೈತಿ ನೋಡು. ಇಕಿಗೆ ಅಷ್ಟಿದ್ರ ಸಾಕು.”

“ರೊಟ್ಟಿ ಬಡ್ಯಾಕ ಕೈ ಉಳದಾವಲ್ರಿ,” ಅಂದಳು ಅವ್ವ. “ನಿಮಗೂ ಅಷ್ಟ ಸಾಕು.”

ಅಂದಿನಿಂದ ಅಪ್ಪನ ಬೆರಳ ತುದಿಯಲ್ಲಿ ಮಿಂಚು ಹೊಡೆಸಿದೆ, ಹಂಚಿನ ಮೇಲಿನ ರೊಟ್ಟಿಗೆ ರೆಕ್ಕೆ ಹಚ್ಚಿದೆ. ಎಲ್ಲವನ್ನೂ ಹುನಗುಂದದ ಕಾಕಾನಿಗೆ ಕಳಿಸುತ್ತಿದ್ದೆ. ಈಗ ನೋಡಿದರೆ ಆ ಮಿಂಚುಗಳೆಲ್ಲ ಸುಣ್ಣದಲ್ಲಿ ಗೀಚಿದಂತಿವೆ. ಆದರೆ ಅವುಗಳ ಹಿಂದೆ ಮೂವರೂ ನಗುವ ಸದ್ದಿದೆ.

ಬಟ್ಟೆಯಲ್ಲಿ ಸುಕ್ಕಿದ್ದರೆ ಅದರ ನೆರಳು ಅಳಿಯುವುದಿಲ್ಲ, ಚಿತ್ರದಲ್ಲಿ ಕಲೆಯಾಗಿ ಉಳಿಯುತ್ತದೆ. “ನೀರ ಹೊಡದ್ರ ಸುಕ್ಕ ತಾನ ಹೋಗ್ತಾವು,” ಎಂದು ಅವ್ವ ಗಾಳಿ ತಿರುಗಿದ ಆ ಸಂಜೆ ಸೀರೆಯನ್ನು ಒದ್ದೆ ಮಾಡಿದ್ದಳು. ಗಾಳಿಗೆ ಸರಳಿನ ಗಂಟು ಬಿಚ್ಚಿತು. ಸೀರೆ ಮೇಲೆದ್ದು ಓಣಿಯ ಕರೆಂಟಿನ ತಂತಿಗಳ ಕಡೆ ಹಾರಿತು. ತವರಿನವರು ಕೊಟ್ಟ ಸೀರೆ, ಆಕೆ ಬಿಡಲೊಲ್ಲಳು.

“ಬಿಡ ಅದನ್ನ, ಬಿಡ,” ಎಂದು ಅಪ್ಪ ಕೂಗಿದರು.

ಒದ್ದೆ ಸೀರೆ ಬಿದ್ದು ತಂತಿಗೆ ತಂತಿ ಬಡಿದು ನೀಲಿ ಕಿಡಿ ಎದ್ದಿತು. ಓಣಿಯ ಕರೆಂಟು ಹೋಯಿತು. ನಾನು ನೋಡಿದಾಗ ಅವ್ವ ನೆಲದ ಮೇಲೆ ಕುಳಿತಿದ್ದಳು. ಮೈಗೆ ಏನೂ ಆಗಿರಲಿಲ್ಲ.

ಹೇಳಲು ಬಾಯಿ ಬರದೆ ಕಾಕಾನಿಗೆ ಆ ತುಣುಕನ್ನೇ ಕಳಿಸಿದೆ. ಫೋನ್ ಬಂತು.

“ಲೇ, ಈ ಸಲ ಕಿಡಿ ಭಾರಿ ಹಾಕೀದಿ. ಖರೇನ ಅನಸ್ತೈತಿ.”

“ಅದು ಖರೇನ ಐತಿ ಕಾಕಾ.”

“ಹೋಗಲೇ,” ಎಂದು ನಕ್ಕರು. ನಾನು ನಗಲಿಲ್ಲ. ಕೂಡಲೇ ಅವ್ವನನ್ನು ಕೇಳಿದರು. “ವೈನಿ ಎಲ್ಲಿ? ವೈನಿ ಕೈಯಾಗ ಫೋನ್ ಕೊಡು.”

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಎಚ್ಚರಾದಾಗಲೆಲ್ಲ ಹೋಗಿ ಅವ್ವನ ಉಸಿರು ನೋಡಿ ಬರುತ್ತಿದ್ದೆ. ಹಗಲು ಆ ತುಣುಕನ್ನು ನಿಧಾನ ಮಾಡಿ, ಹಿಂದೆ ಮುಂದೆ ಓಡಿಸುತ್ತಿದ್ದೆ. ಕಿಡಿ ಹತ್ತಿರ ಬಂದ ಕೂಡಲೇ ಕಣ್ಣು ತಾವೇ ಮುಚ್ಚಿಕೊಳ್ಳುತ್ತಿದ್ದವು. ಕಿಡಿ ಎದ್ದಾಗಲೂ ಸೀರೆ ಆಕೆಯ ಕೈಯಲ್ಲಿತ್ತು, ಹೇಗೋ ಉಳಿದಳು ಎಂಬುದೊಂದೇ ತಲೆಯಲ್ಲಿ.

ಒಂದು ಸೋಮವಾರ ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು. “ಹಾಕು ಅದನ್ನ. ನಾನೂ ನೋಡ್ತೇನಿ.” ನಾನು ಬೇಡವೆಂದೆ. ತಾನೇ ಒತ್ತಿದಳು. “ಹಾಂ, ಇಲ್ಲಿ ನಿಂದ್ರಸು. ಕಣ್ಣ ತಗೀ. ಕಿಡಿ ನೋಡಬ್ಯಾಡ, ನನ್ನ ಕೈ ನೋಡು.”

ಕಿಡಿ ಇನ್ನೂ ಎದ್ದಿರಲಿಲ್ಲ. ಅವ್ವನ ಅಂಗೈ ತೆರೆದಿತ್ತು. ಸೀರೆಯ ತುದಿ ಕೈಗೆ ಎಟುಕದಷ್ಟು ದೂರ ಹೋಗಿತ್ತು.

“ಬಿಟ್ಟಿದ್ನಲ್ಲೋ. ಇಷ್ಟ ವರ್ಷದಾಗ ನಿಮ್ಮಪ್ಪನ ಮಾತ ಒಮ್ಮೆ ಕೇಳೇನಿ, ಅದ ಇದು.”

“ಅದೂ ಎರಡ ಸಲ ಹೇಳಸ್ಕೊಂಡು,” ಎಂದರು ಹೊರಗಿನಿಂದ ಅಪ್ಪ.

ಆ ರಾತ್ರಿ ನಾನು ಏಳಲಿಲ್ಲ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಅವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು.