ಡಸ್ಟರ್ ಬಡಿಯುವ ಪಾಠ

ಮೇಷ್ಟ್ರ ಕಿವಿ ಮಂದವಾಗಿ ವರ್ಷವಾಗಿತ್ತು. ಆ ಸುದ್ದಿಯನ್ನು ಅವರು ಯಾರ ಕಿವಿಗೂ ಹಾಕಿರಲಿಲ್ಲ. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಅಕ್ಕನ ಮಗಳು ಟ್ಯೂಷನ್ ನಡೆಸುತ್ತಿದ್ದಳು. ಅಲ್ಲಿ ಸಂಜೆ ದುಡಿದು ಬಂದ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ಮೇಷ್ಟ್ರ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಅವರು ನಾಲ್ಕು ಜನರ ಜೊತೆ ಬಾಯಿಬಿಡುತ್ತಿದ್ದುದೂ ಅಲ್ಲಿ ಮಾತ್ರ.

ತುಟಿ ನೋಡಿಯೇ ಹೇಗೋ ಸಂಭಾಳಿಸುತ್ತಿದ್ದರು. ತುಟಿ ಕೈಕೊಟ್ಟಾಗ, ಒಳ್ಳೆಯ ಪ್ರಶ್ನೆ, ನೀವೇ ಯೋಚಿಸಿ ನೋಡಿ ಎನ್ನುತ್ತಿದ್ದರು. ಇದರಿಂದ ಅವರಿಗೆ ಆಳವಾದ ಮನುಷ್ಯ ಎಂಬ ಹೆಸರೂ ಬಂದಿತ್ತು. ಆದರೆ ತರಗತಿಗೆ ಬರುತ್ತಿದ್ದ, ಲಿಫ್ಟ್ ನಡೆಸುವಾತ ಬಾತ್‌ರೂಮಿಗೆ ಹೋಗಿ ಬರಲೇ ಎಂದು ಕೇಳಿದಾಗಲೂ ಅದೇ ಉತ್ತರ ಕೊಟ್ಟು ಸಿಕ್ಕಿಬಿದ್ದರು. ಮಾತು ಅಕ್ಕನ ಮಗಳಿಗೆ ಮುಟ್ಟಿತು. ನಾಳೆ ನಾನೂ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎಂದಳು.

ಮೇಷ್ಟ್ರಿಗೆ ಹೆದರಿಕೆಯಾಯಿತು. ಈ ಕೋಣೆಯೂ ತಪ್ಪಿದರೆ ಉಳಿಯುವುದು ಮನೆಯ ನಾಲ್ಕು ಗೋಡೆ. ಅದಕ್ಕೇ ಯಾರೂ ಪ್ರಶ್ನೆ ಕೇಳದಂತೆ ತಾವೊಬ್ಬರೇ ಮಾತಾಡಬಹುದಾದ ಪಾಠ ಆರಿಸಿಕೊಂಡರು: ‘ಅಸ್ಟಾನಿಶ್’, ಅಂದರೆ ಬೆರಗುಗೊಳಿಸು ಎಂಬ ಪದದ ಕಥೆ.

ಈ ಪಾಠ ಅವರಿಗೆ ನೀರು ಕುಡಿದಷ್ಟು ಸಲೀಸು. ಮರುದಿನ ಸಂಜೆ, ಗುಡುಗುವುದು ಎಂಬ ಅರ್ಥದ ಲ್ಯಾಟಿನ್ ಮಾತು ಇದರ ಬೇರು, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು ಎಂದು ಶುರುಮಾಡಿದರು. ಸಿಡಿಲು ಬಡಿದ ಹಾಗಾಯಿತು ಎಂದು ನಾವೂ ಅನ್ನುತ್ತೇವಲ್ಲ, ಅದೇ. ಹಿಂದೆ ಈ ಮಾತಿಗೆ ಪ್ರಜ್ಞೆ ತಪ್ಪಿಸುವಷ್ಟು ಬಲವಿತ್ತು, ಈಗ ಪಕ್ಕದ ಮನೆಯವರು ಹೊಸ ಚಪ್ಪಲಿ ತಂದರೂ ಜನ ಅಸ್ಟಾನಿಶ್ ಆಗುತ್ತಾರೆ. ಎಲ್ಲರೂ ನಕ್ಕರು. ಮೇಷ್ಟ್ರು ಎಂದಿನಂತೆ ಮರದ ಡಸ್ಟರನ್ನು ತಲೆಯ ಮೇಲಕ್ಕೆತ್ತಿದರು. ಅದನ್ನು ಮೇಜಿಗೆ ರಪ್ಪನೆ ಬಡಿಯಬೇಕು, ಎಲ್ಲರೂ ಬೆಚ್ಚಬೇಕು, ಅಲ್ಲಿಗೆ ಅರ್ಥ ತಲೆಗೆ ಹತ್ತಬೇಕು.

ಬಡಿಯುವ ಮೊದಲೇ ಎಲ್ಲರೂ ಬೆಚ್ಚಿದರು. ಮುಂದಿನ ಬೆಂಚಿನ ಟೈಲರಮ್ಮ ಕಿವಿ ಮುಚ್ಚಿಕೊಂಡರು, ಲಿಫ್ಟಿನವನು ಎದ್ದೇ ನಿಂತ.

"ಯಾಕೆ? ನಾನಿನ್ನೂ ಬಡಿದೇ ಇಲ್ವಲ್ಲ" ಎಂದರು ಮೇಷ್ಟ್ರು.

ಯಾರೂ ನಗಲಿಲ್ಲ. ಎಲ್ಲರ ಕಣ್ಣು ಕಿಟಕಿಯ ಕಡೆ ಹೋಯಿತು. ಅವರೂ ತಿರುಗಿದರು. ಗಾಜಿನ ಮೇಲೆ ದಪ್ಪ ಹನಿಗಳು ಬೀಳುತ್ತಿದ್ದವು. ಆಗ ತಿಳಿಯಿತು, ಹೊರಗೆ ಗುಡುಗಿದೆ, ತಮಗೆ ಮಾತ್ರ ಕೇಳಿಸಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

ಅಕ್ಕನ ಮಗಳು ಮುಂದೆ ಬಂದು, ತುಟಿ ಕಾಣುವಂತೆ ಅವರ ಎದುರು ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಇವತ್ತಿನ ಪಾಠ ಮುಗಿಸಿಬಿಡಿ ಮಾವ. ನಾಳೆಯಿಂದ ನಾನು ನೋಡ್ಕೋತೀನಿ."

ಇಷ್ಟನ್ನು ಮಾತ್ರ ಅವರು ಒಂದಕ್ಷರ ಬಿಡದೆ ಓದಿಕೊಂಡರು. ಆಗಲಿ ಎಂದು ತಲೆಯಾಡಿಸಿದರು. ಪಾಠವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿರಲಿಲ್ಲ, ಡಸ್ಟರನ್ನು ಮೇಜಿಗೆ ಬಡಿದರು. ಸೀಮೆಸುಣ್ಣದ ಪುಡಿ ಎದ್ದಿತು.

ಇಡೀ ತರಗತಿ ಬೆಚ್ಚಿಬಿದ್ದಿತು. ತುಸು ತಡವಾಗಿ, ಎಲ್ಲರೂ ಒಟ್ಟಿಗೆ. ವರ್ಷವಿಡೀ ಕೇಳಿಸಿದಂತೆ ನಟಿಸಿದ್ದ ಮೇಷ್ಟ್ರಿಗೆ, ಅವರೆಲ್ಲ ಈಗ ತಮಗಾಗಿ ನಟಿಸುತ್ತಿದ್ದಾರೆಂದು ಗೊತ್ತಾಗಲು ಕಿವಿ ಬೇಕಾಗಲಿಲ್ಲ.